ವರ್ಚುವಲ್ ಮಷಿನ್‌ಗೆ ಅರ್ಧ ಬೀಗ ಬೇಡ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಪತ್ತಿನ ಸೊಸೈಟಿ, ಸೌಹಾರ್ದ, ಕಾಲೇಜು ಕಚೇರಿಗಳಲ್ಲಿ ಹಳೆಯ ತಂತ್ರಾಂಶಕ್ಕೆ ಸಾವಿಲ್ಲ. ವಿಂಡೋಸ್ 7ರ ಮೇಲಷ್ಟೇ ಓಡುವ ಪಿಗ್ಮಿ ಲೆಕ್ಕ, ಹಳೇ ನುಡಿ ಫಾಂಟಿನ ಠರಾವುಗಳು, ಯಾರೋ ಬರೆದುಕೊಟ್ಟು ಹೋದ ಷೇರುದಾರರ ಪಟ್ಟಿ, ಇವನ್ನು ಬಿಡಲು ಯಾರಿಗೂ ಮನಸ್ಸಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ಕಂಪ್ಯೂಟರ್ ಬಂದವು. ಹಳೆಯದೆಲ್ಲ ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗೇ ತಂತ್ರಾಂಶದಿಂದ ಓಡುವ ಇನ್ನೊಂದು ಕಂಪ್ಯೂಟರ್ (ವಿಎಂ), ಒಳಗೆ ಹೋಗಿ ಕುಳಿತಿತು. 2024ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂ ಓಡಿಸುವ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ತಂತ್ರಾಂಶವನ್ನು ಕಚೇರಿ ಬಳಕೆಗೂ ಉಚಿತ ಮಾಡಿದ್ದು ಇದಕ್ಕೆ ಇನ್ನಷ್ಟು ಅನುಕೂಲವಾಯಿತು.

ವಿಎಂ ಎಂದರೆ ಕೊನೆಗೆ ಒಂದು ಫೋಲ್ಡರ್, ಅಷ್ಟೆ. ಇಡೀ ಕಚೇರಿಯ ಲೆಕ್ಕ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತದೆ. ರಿಪೇರಿಗೆಂದು ಮಿರಜಕ್ಕೋ ಕೊಲ್ಹಾಪುರಕ್ಕೋ ಹೋದ ಹಾರ್ಡ್‌ಡಿಸ್ಕ್ ಜೊತೆ ಠೇವಣಿದಾರರ ಆಧಾರ್, ಪ್ಯಾನ್, ಫೋನ್ ನಂಬರ್ ಕೂಡ ಹೋಗುತ್ತವೆ. ಕಂಪ್ಯೂಟರ್‌ಗೆ ಬಿಟ್‌ಲಾಕರ್ ಹಾಕಿದ್ದೇವಲ್ಲ ಎನ್ನುವವರಿದ್ದಾರೆ. ಬಿಟ್‌ಲಾಕರ್ ಕಾಯುವುದು ಆ ಡಿಸ್ಕನ್ನು ಮಾತ್ರ. ಫೋಲ್ಡರನ್ನು ಪೆನ್‌ಡ್ರೈವ್‌ಗೆ ಎಳೆದ ಕ್ಷಣವೇ ಅದು ಬೀಗವಿಲ್ಲದ ಪ್ರತಿ. ಆದ್ದರಿಂದ ವಿಎಂ ಅನ್ನೇ ಎನ್‌ಕ್ರಿಪ್ಟ್ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿ ಕಾಯದೇ ಹೋದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ ಎಂಬುದನ್ನು ಚೇರಮನ್ನರಿಗೆ ಒಮ್ಮೆ ಓದಿ ಹೇಳಿ. ಮುಂದಿನ ಕೆಲಸಕ್ಕೆ ಒಪ್ಪಿಗೆ ಸುಲಭವಾಗಿ ಸಿಗುತ್ತದೆ.

ಮೊದಲು ತಯಾರಿ

ವಿಎಂ ಅನ್ನು ಪೂರ್ತಿ ಶಟ್‌ಡೌನ್ ಮಾಡಿ. ಸಸ್ಪೆಂಡ್ ಮಾಡಿಟ್ಟರೆ ಆಗದು. ಬೇಡದ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸಿ. ಇಡೀ ಫೋಲ್ಡರಿನ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ವಿಎಂ ಎಷ್ಟು ದೊಡ್ಡದೋ ಕನಿಷ್ಠ ಅಷ್ಟು ಜಾಗ ಡ್ರೈವ್‌ನಲ್ಲಿ ಖಾಲಿ ಇರಲಿ. ಯುಪಿಎಸ್ ಬ್ಯಾಟರಿ ನೋಡಿಕೊಳ್ಳಿ. ಡಿಸ್ಕ್ ಬರೆಯುತ್ತಿರುವಾಗ ಕರೆಂಟ್ ಹೋದರೆ ನಿಮ್ಮ ಕೈಯಲ್ಲಿ ಉಳಿಯುವುದು ಆ ಪ್ರತಿ ಮಾತ್ರ. ಮಾರ್ಚ್ ಕೊನೆಯ ವಾರದಲ್ಲಂತೂ ಇದಕ್ಕೆ ಕೈ ಹಾಕಲೇಬೇಡಿ.

ಬೀಗ ಹಾಕುವುದು

ವರ್ಕ್‌ಸ್ಟೇಷನ್ ತೆರೆದು ವಿಎಂನ ಸೆಟ್ಟಿಂಗ್ಸ್‌ಗೆ ಹೋಗಿ. ಆಪ್ಶನ್ಸ್ ಟ್ಯಾಬ್‌ನಲ್ಲಿ ಆಕ್ಸೆಸ್ ಕಂಟ್ರೋಲ್ ಇದೆ, ಅಲ್ಲಿ ಎನ್‌ಕ್ರಿಪ್ಟ್ ಒತ್ತಿ. ಪಾಸ್‌ವರ್ಡ್ ಕೇಳುತ್ತದೆ. ಸೊಸೈಟಿಯ ಹೆಸರು, ಸ್ಥಾಪನೆಯಾದ ವರ್ಷ, ಊರದೇವರ ಹೆಸರು ಬೇಡ. ಅವು ಬೋರ್ಡಿನ ಮೇಲೇ ಬರೆದಿರುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ. ಕನ್ನಡ ಕೀಲಿಮಣೆ ಆನ್ ಇದ್ದಾಗ ಪಾಸ್‌ವರ್ಡ್ ಟೈಪ್ ಮಾಡಬೇಡಿ. ಪಾಸ್‌ವರ್ಡ್ ಚೌಕದಲ್ಲಿ ಕಾಣುವುದು ಬರೀ ಚುಕ್ಕೆಗಳಾದ್ದರಿಂದ ಏನು ಬಿತ್ತು ಎಂಬುದು ನಿಮಗೇ ತಿಳಿಯದು.

ಇನ್ನು, ನಾನು ಈ ಲೇಖನ ಬರೆಯಲು ಕಾರಣವಾದ ಜಾಗ. ವರ್ಕ್‌ಸ್ಟೇಷನ್ 17ರಿಂದ ಈಚೆಗೆ ಇದೇ ಕಿಟಕಿಯಲ್ಲಿ ಎರಡು ಆಯ್ಕೆಗಳು ಬರುತ್ತವೆ. ಒಂದು, ಎಲ್ಲ ಫೈಲುಗಳನ್ನೂ ಎನ್‌ಕ್ರಿಪ್ಟ್ ಮಾಡುವುದು. ಇನ್ನೊಂದು, ಟಿಪಿಎಂ ಎಂಬ ಭದ್ರತಾ ಚಿಪ್‌ಗೆ ಬೇಕಾದಷ್ಟು ಫೈಲುಗಳನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುವುದು. ಎರಡನೆಯದು ಕ್ಷಣದಲ್ಲಿ ಮುಗಿಯುತ್ತದೆ, ವಿಎಂ ಚುರುಕಾಗಿಯೂ ಇರುತ್ತದೆ. ಹಾಗಾಗಿ ಬೆರಳು ಅತ್ತಲೇ ಓಡುತ್ತದೆ. ಅದು ಬಂದ ಕಾರಣವೇ ಬೇರೆ: ವಿಂಡೋಸ್ 11 ಇನ್‌ಸ್ಟಾಲ್ ಆಗಲು ಟಿಪಿಎಂ 2.0 ಬೇಕು, ವಿಎಂಗೆ ನಕಲಿ ಟಿಪಿಎಂ ಜೋಡಿಸಬೇಕಾದರೆ ವಿಎಂವೇರ್‌ಗೆ ಸ್ವಲ್ಪವಾದರೂ ಎನ್‌ಕ್ರಿಪ್ಷನ್ ಇರಲೇಬೇಕು. ಆ ಷರತ್ತು ಪೂರೈಸಲಿಕ್ಕೆ ಇರುವ ದಾರಿ ಅದು. ನಿಮ್ಮ ಲೆಕ್ಕಪತ್ರ ಕೂತಿರುವ ವಿಎಂಡಿಕೆ ಫೈಲನ್ನು, ಅಂದರೆ ಡಿಸ್ಕನ್ನು, ಅದು ಮುಟ್ಟುವುದೇ ಇಲ್ಲ. ಹೊಲದ ಗೇಟಿಗೆ ಬೀಗ ಜಡಿದು ಸುತ್ತ ಬೇಲಿ ಹಾಕದೆ ಬಿಟ್ಟ ಹಾಗೆ. ಆದರೂ ವಿಎಂ ತೆರೆಯುವಾಗ ಪಾಸ್‌ವರ್ಡ್ ಕೇಳುತ್ತದೆ, ಎಲ್ಲ ಭದ್ರವಾಗಿದೆ ಎಂದು ನಾವು ನಂಬುತ್ತೇವೆ. ಕಂಪ್ಯೂಟರ್ ಚೆನ್ನಾಗಿ ಬಲ್ಲವರೂ ಇಲ್ಲಿ ಮೋಸಹೋಗಿದ್ದನ್ನು ಕಂಡಿದ್ದೇನೆ. ವೇಗದ ಆಯ್ಕೆಯನ್ನೂ ಪೂರ್ತಿ ಆಯ್ಕೆಯನ್ನೂ ಒಂದೇ ಹೆಸರಿನಡಿ ಇಟ್ಟಿದ್ದು ಕಂಪನಿಯ ತಪ್ಪೆಂದೇ ನನ್ನ ಅಭಿಪ್ರಾಯ.

ನಿಮ್ಮದು ಯಾವುದು ಎಂಬ ಅನುಮಾನವಿದ್ದರೆ ಪರೀಕ್ಷೆ ಸರಳ. ವಿಎಂಡಿಕೆ ಫೈಲಿನ ಪ್ರತಿಯನ್ನು ಮಾತ್ರ ಇನ್ನೊಂದು ಕಂಪ್ಯೂಟರ್‌ಗೆ ಒಯ್ಯಿರಿ. ಡಿಸ್ಕ್ ಹಲವು ತುಂಡುಗಳಾಗಿದ್ದರೆ ಎಲ್ಲ ತುಂಡುಗಳೂ ಬೇಕು. ಅಲ್ಲಿ ಹೊಸದಾಗಿ ಒಂದು ವಿಎಂ ಮಾಡಿ, ಈಗಾಗಲೇ ಇರುವ ಡಿಸ್ಕ್ ಬಳಸುತ್ತೇನೆ ಎಂದು ಹೇಳಿ ಅದನ್ನು ಜೋಡಿಸಿ. ಪಾಸ್‌ವರ್ಡ್ ಇಲ್ಲದೆ ಒಳಗಿನ ಫೈಲುಗಳು ಕಂಡರೆ ನಿಮ್ಮದು ಅರ್ಧ ಬೀಗ. ಮುಗಿದ ಮೇಲೆ ಆ ಪ್ರತಿಯನ್ನು ಅಳಿಸುವುದನ್ನು ಮರೆಯಬೇಡಿ.

ಅರ್ಧದಿಂದ ಪೂರ್ತಿಗೆ ಹೋಗಲು ಅದೇ ಆಕ್ಸೆಸ್ ಕಂಟ್ರೋಲ್‌ನಲ್ಲಿ ಎನ್‌ಕ್ರಿಪ್ಷನ್ ತೆಗೆದು, ಎಲ್ಲ ಫೈಲುಗಳು ಎಂಬುದನ್ನು ಆರಿಸಿ ಮತ್ತೆ ಹಾಕಿ. ಟಿಪಿಎಂ ಜೋಡಿಸಿದ್ದರೆ ಮೊದಲು ಹಾರ್ಡ್‌ವೇರ್ ಪಟ್ಟಿಯಿಂದ ಅದನ್ನು ತೆಗೆಯಬೇಕಾಗುತ್ತದೆ. ಒಳಗಿನ ವಿಂಡೋಸ್‌ನಲ್ಲೂ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಕೈಯಲ್ಲಿರದೆ ಟಿಪಿಎಂ ತೆಗೆಯಬೇಡಿ.

ಅದೇ ಕಿಟಕಿಯಲ್ಲಿ, ಪಾಸ್‌ವರ್ಡನ್ನು ಈ ಕಂಪ್ಯೂಟರ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ನೆನಪಿಡಲೇ ಎಂಬ ಚೌಕ ಇರುತ್ತದೆ. ಟಿಕ್ ಇಡಬೇಡಿ. ಇಟ್ಟರೆ ತಿಂಗಳುಗಟ್ಟಲೆ ಯಾರೂ ಪಾಸ್‌ವರ್ಡ್ ಟೈಪ್ ಮಾಡುವುದಿಲ್ಲ. ಮುಂದೊಂದು ದಿನ ಅಂಗಡಿಯವ ವಿಂಡೋಸ್ ಫಾರ್ಮ್ಯಾಟ್ ಮಾಡಿಕೊಡುತ್ತಾನೆ, ನೆನಪಿಟ್ಟ ಪಾಸ್‌ವರ್ಡೂ ಅದರ ಜೊತೆ ಹೋಗುತ್ತದೆ. ಪಾಸ್‌ವರ್ಡ್ ಕಳೆದರೆ ವಿಎಂವೇರ್ ಕೂಡ ತೆಗೆದುಕೊಡಲಾರದು. ಕಾಗದದ ಮೇಲೆ ಬರೆದು ಲಕೋಟೆಯಲ್ಲಿಟ್ಟು, ಅರಗು ಹಾಕಿ, ತಿಜೋರಿಯಲ್ಲಿಡಿ. ತೆರೆಯುವ ಅಧಿಕಾರ ಯಾರಿಗೆ ಎಂದು ಠರಾವು ಮಾಡಿ.

ತಾನಾಗೇ ಶುರುವಾಗುತ್ತಿದ್ದದ್ದು ನಿಂತರೆ

ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದೊಡನೆ ವಿಎಂ ಏಳಲಿ ಎಂದು ಕೆಲವರು ಬ್ಯಾಚ್ ಫೈಲ್ ಬರೆದು ಟಾಸ್ಕ್ ಶೆಡ್ಯೂಲರ್‌ಗೆ ಹಾಕಿರುತ್ತಾರೆ. ಎನ್‌ಕ್ರಿಪ್ಟ್ ಮಾಡಿದ ಮರುದಿನ ಅದು ಮುಗ್ಗರಿಸುತ್ತದೆ. ವಿಎಂ ಕೆಟ್ಟಿಲ್ಲ, ಪಾಸ್‌ವರ್ಡ್ ಕೊಡುವವರಿಲ್ಲ, ಅಷ್ಟೇ. ಬ್ಯಾಚ್ ಫೈಲಿನಿಂದ ವಿಎಂ ಎಬ್ಬಿಸುವ ವಿಎಂರನ್ ಎಂಬ ಸಲಕರಣೆಗೆ ಪಾಸ್‌ವರ್ಡನ್ನು ಜೊತೆಗೇ ಕೊಡಬಹುದು: ಸಣ್ಣ ಗೆರೆಯ ನಂತರ ವಿ, ಪಿ ಅಕ್ಷರಗಳನ್ನೂ ಅವುಗಳ ಮುಂದೆ ಪಾಸ್‌ವರ್ಡನ್ನೂ ಬರೆಯಬೇಕು. ಇವು ಸ್ಟಾರ್ಟ್ ಎಂಬ ಪದಕ್ಕಿಂತ ಮೊದಲೇ ಬರಬೇಕು, ನಂತರ ಬಂದರೆ ನಡೆಯದು. ಆದರೆ ಹೀಗೆ ಮಾಡಿದರೆ ಬ್ಯಾಚ್ ಫೈಲಿನಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟಂತೆ, ನೋಟ್‌ಪ್ಯಾಡ್‌ನಲ್ಲಿ ಯಾರಾದರೂ ಓದಬಹುದು. ಐದಾರು ಜನರ ಸೊಸೈಟಿಗೆ ನನ್ನ ಸಲಹೆ: ತಾನಾಗೇ ಏಳುವುದನ್ನು ಬಿಡಿ, ಸೆಕ್ರೆಟರಿ ಬಂದು ಟೈಪ್ ಮಾಡಲಿ. ಬ್ಯಾಚ್ ಫೈಲ್ ಬೇಕೇ ಬೇಕು ಎಂದರೆ ಅದನ್ನು ಬ್ಯಾಕಪ್ ಡಿಸ್ಕಿಗಂತೂ ಸೇರಿಸಬೇಡಿ.

ಬ್ಯಾಕಪ್

ಎನ್‌ಕ್ರಿಪ್ಟ್ ಆದ ಮೇಲೆ ದೊಡ್ಡ ವಿಎಂಡಿಕೆ ಫೈಲೊಂದನ್ನೇ ನಕಲು ಮಾಡಿದರೆ ಪ್ರಯೋಜನವಿಲ್ಲ. ಪಕ್ಕದಲ್ಲಿರುವ ಚಿಕ್ಕ ವಿಎಂಎಕ್ಸ್ ಫೈಲಿನಲ್ಲಿ ಕೀಲಿಯ ಭಾಗ ಇರುತ್ತದೆ. ವಿಎಂ ಮುಚ್ಚಿದಾಗ ಇಡೀ ಫೋಲ್ಡರ್ ನಕಲಿಸಿ, ಬೇರೆ ಕಂಪ್ಯೂಟರ್‌ನಲ್ಲಿ ಒಮ್ಮೆ ತೆರೆದು ನೋಡಿ. ಬೀಗ ಹಾಕುವ ಮೊದಲಿನ ಹಳೇ ಪ್ರತಿಗಳು, ನೀವು ಈಗ ತಾನೆ ತೆಗೆದಿಟ್ಟದ್ದೂ ಸೇರಿ, ಆಮೇಲೆ ಅಳಿಯಬೇಕು. ಅವು ಉಳಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿದ್ದನ್ನು ನೆನೆದು, ಒಂದು ಪ್ರತಿಯನ್ನು ನದಿದಂಡೆಯಿಂದ ದೂರದ ಶಾಖೆಯಲ್ಲಿಡಿ.

ಇದೆಲ್ಲ ಮುಚ್ಚಿದ ವಿಎಂಗೆ ರಕ್ಷಣೆ.

ವಿಎಂವೇರ್ ಬದಲು ಒರಾಕಲ್‌ನ ವರ್ಚುವಲ್‌ಬಾಕ್ಸ್ ಬಳಸುವವರಿಗೆ ಎರಡೇ ಮಾತು. ಅಲ್ಲಿ ಡಿಸ್ಕಿನ ಕೀಲಿ ವಿಬಾಕ್ಸ್ ಫೈಲಿನಲ್ಲಿರುತ್ತದೆ, ಅದು ಹೋದರೆ ಪಾಸ್‌ವರ್ಡ್ ಗೊತ್ತಿದ್ದರೂ ಡಿಸ್ಕ್ ತೆರೆಯದು. ಎನ್‌ಕ್ರಿಪ್ಷನ್‌ಗೆ ಬೇಕಾದ ಎಕ್ಸ್‌ಟೆನ್ಷನ್ ಪ್ಯಾಕ್ ಸ್ವಂತ ಬಳಕೆಗೆ, ಕಲಿಕೆಗೆ ಉಚಿತ. ಸೊಸೈಟಿಯ ವ್ಯವಹಾರಕ್ಕೆ ಒರಾಕಲ್‌ನಿಂದ ಲೈಸೆನ್ಸ್ ಕೊಳ್ಳಬೇಕು.