ಹಡಗು ಹತ್ತುವ ಮೊದಲೇ ತೊಗರಿ ನೋಡಿ

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮ ಮಾವನವರು ಕಟ್ಟಿಸಿದ ದಾಲ್ ಮಿಲ್ ಇದೆ. ಲೆಕ್ಕಪತ್ರ ನನ್ನ ಕೈಯಲ್ಲಿದೆ. ಊರ ತೊಗರಿ ತೀರಿದ ಮೇಲೆ ಮಿಲ್ ಸುಮ್ಮನೆ ನಿಲ್ಲುತ್ತದೆ, ಮೊಜಾಂಬಿಕ್‌ನಿಂದ ಎರಡು ಕಂಟೇನರ್ ತರಿಸೋಣ ಎಂದು ನನ್ನ ಯಜಮಾನರು ಹಟ ಹಿಡಿದಿದ್ದಾರೆ. ಮುಂಬೈಯ ದಲ್ಲಾಳಿಯೊಬ್ಬರು, "ನನ್ನ ಲೈಸೆನ್ಸ್ ಮೇಲೇ ತರಿಸ್ತೀನಿ, ಪೋರ್ಟ್‌ನಲ್ಲಿ ಎಲ್ಲಾ ನಾನೇ ನೋಡ್ಕೋತೀನಿ, ಅರ್ಧ ದುಡ್ಡು ಮೊದಲು ಹಾಕಿ" ಅಂತಾರೆ. ಪೋರ್ಟ್‌ನಲ್ಲಿ ಮಾಲು ಫೇಲ್ ಆದರೆ ಏನು ಗತಿ ಎಂದು ನನಗೆ ರಾತ್ರಿ ನಿದ್ದೆ ಇಲ್ಲ. ಮಾವನವರು ಮಗನ ಜೊತೆ ಮಾತೇ ಬಿಟ್ಟಿದ್ದಾರೆ.
— ಹೆಸರು ಬೇಡ, ಕಲಬುರಗಿ

ಉತ್ತರ: ನಿಮ್ಮ ಹೆದರಿಕೆಗೆ ಕಾರಣವಿದೆ, ತಾಯಿ. ಆದರೆ ನೀವು ಪೋರ್ಟ್ ನೋಡಿ ಹೆದರುತ್ತಿದ್ದೀರಿ. ಮುಂಬೈ ಬಳಿಯ ನ್ಹಾವಾ ಶೇವಾ ಪೋರ್ಟ್‌ನಲ್ಲಿ ಫೇಲ್ ಆಗುವ ತೊಗರಿ ಸಾಮಾನ್ಯವಾಗಿ ಆ ಕಡೆ, ಮೊಜಾಂಬಿಕ್‌ನ ನಕಾಲಾ ಬಂದರಿನ ಗೋದಾಮಿನಲ್ಲಿ ಚೀಲ ತುಂಬುವಾಗಲೇ ಫೇಲ್ ಆಗಿರುತ್ತದೆ. ಕಾಳಜಿಯನ್ನೂ ದುಡ್ಡನ್ನೂ ಅಲ್ಲಿ ಖರ್ಚು ಮಾಡಬೇಕು.

ಅದಕ್ಕೂ ಮೊದಲು ದಲ್ಲಾಳಿಯ ಮಾತು. ಬೇರೆಯವರ ಲೈಸೆನ್ಸ್ ಮೇಲೆ ಮಾಲು ತರಿಸುವ ಯೋಚನೆ ಇವತ್ತೇ ಬಿಡಿ. ಕಸ್ಟಮ್ಸ್‌ಗೆ ಕೊಡುವ ಬಿಲ್ ಆಫ್ ಎಂಟ್ರಿ ಯಾರ ಹೆಸರಲ್ಲಿದೆಯೋ ಕಾಗದದ ಪ್ರಕಾರ ಮಾಲು ಅವರದು. ನಿಮ್ಮ ಬಳಿ ಉಳಿಯುವುದು ದುಡ್ಡು ಹಾಕಿದ ರಸೀದಿ ಮಾತ್ರ. ಆಮದು-ರಫ್ತು ಕೋಡ್ ನಿಮ್ಮ ಪ್ಯಾನ್ ಮೇಲೇ ಆನ್‌ಲೈನ್‌ನಲ್ಲಿ ಸಿಗುತ್ತದೆ, ಶುಲ್ಕ 500 ರೂಪಾಯಿ. ಮಿಲ್‌ಗೆ ಈಗಾಗಲೇ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಲೈಸೆನ್ಸ್ ಇದ್ದೀತು. ಆಮದಿಗೆಂದು ಕೇಂದ್ರದ ಲೈಸೆನ್ಸನ್ನೇ ತೆಗೆಯಬೇಕು, ವರ್ಷಕ್ಕೆ 7,500 ರೂಪಾಯಿ. ಎರಡಕ್ಕೂ ನಿಮ್ಮ ಸಿ.ಎ. ಸಾಕು. ಪೋರ್ಟ್ ಕೆಲಸಕ್ಕೆ ಕಸ್ಟಮ್ಸ್ ಬ್ರೋಕರ್ ಬೇಕೇ ಬೇಕು, ಅವರನ್ನು ನೀವೇ ಹುಡುಕಿ. ಮಾಲು ಮಾರಿಸುವವನೇ ಮಾಲು ಬಿಡಿಸುವವನೂ ಆಗುವುದು ಬೇಡ.

ಪೋರ್ಟ್‌ನಲ್ಲಿ ಕಾಳು ಎರಡು ಬಾಗಿಲು ದಾಟಬೇಕು. ನಿಮ್ಮ ಗಂಜ್ ಮಾರುಕಟ್ಟೆಯ ಹಳಬರೂ ಇವೆರಡನ್ನು ಒಂದೇ ಎಂದುಕೊಂಡಿರುತ್ತಾರೆ. ಮೊದಲನೆಯದು ಸಸ್ಯ ಕ್ವಾರಂಟೈನ್. ಇವರು ನೋಡುವುದು ನಮ್ಮ ಹೊಲಗಳಿಗೆ ಹೊರಗಿನ ಕೀಟ, ರೋಗ, ಕಳೆಬೀಜ ಬರದಂತೆ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪಟ್ಟಿಯಲ್ಲಿ ಯಾವ ದೇಶದ ಯಾವ ಕಾಳಿಗೆ ಏನು ಷರತ್ತು ಎಂದಿದೆ. ಆ ದೇಶ, ಆ ಕಾಳು ಪಟ್ಟಿಯಲ್ಲಿ ಇಲ್ಲದಿದ್ದರೆ ಕೀಟಾಪಾಯದ ಅಧ್ಯಯನ ಆಗುವವರೆಗೆ ತರಿಸುವಂತಿಲ್ಲ. ಪರ್ಮಿಟ್ ಬೇಕೋ, ಆ ದೇಶದ ಸರ್ಕಾರ ಕೊಡುವ ಫೈಟೊಸ್ಯಾನಿಟರಿ ಸರ್ಟಿಫಿಕೇಟ್ ಒಂದೇ ಸಾಕೋ ಎಂಬುದೂ ಅದರಲ್ಲೇ ತಿಳಿಯುತ್ತದೆ. ಸರ್ಟಿಫಿಕೇಟ್‌ನಲ್ಲಿ ಷರತ್ತಿನ ಮಾತುಗಳು, ಹುಳು ಸಾಯಲು ಯಾವ ಹೊಗೆ ಹಾಕಿದ್ದಾರೆ, ಎಷ್ಟು ಹೊತ್ತು ಎಂಬುದೆಲ್ಲ ಪಟ್ಟಿಯಲ್ಲಿ ಇರುವ ಹಾಗೆಯೇ ಇರಬೇಕು. ಒಂದು ಸಾಲು ಬಿಟ್ಟಿದ್ದರೂ ಕಂಟೇನರ್ ನಿಲ್ಲಬಹುದು, ಡೆಮರೇಜ್ ಮಾತ್ರ ನಿಲ್ಲುವುದಿಲ್ಲ. ಅದಕ್ಕೆ ಕರಡು ಪ್ರತಿಯನ್ನು ಹಡಗು ಹೊರಡುವ ಮೊದಲೇ ತರಿಸಿ, ಬ್ರೋಕರ್‌ಗೆ ಓದಿಸಿ.

ಎರಡನೆಯದು ಎಫ್‌ಎಸ್‌ಎಸ್‌ಎಐ. ಇವರಿಗೆ ಬೇಕಾದದ್ದು ತಿನ್ನುವವರ ಹೊಟ್ಟೆ. ಅಧಿಕಾರಿ ಮಾಲು ನೋಡಿ, ಸ್ಯಾಂಪಲ್ ತೆಗೆದು ಎರಡು ಪಾಲು ಮಾಡಿ, ಒಂದನ್ನು ಲ್ಯಾಬ್‌ಗೆ ಕಳಿಸುತ್ತಾರೆ. ಫೇಲ್ ಎಂದರೆ ಇನ್ನೊಂದನ್ನು ರೆಫರಲ್ ಲ್ಯಾಬ್‌ಗೆ ಕಳಿಸಿ ಎಂದು ಅಪೀಲು ಹೋಗಬಹುದು. ತೇವಾಂಶ ನೂರಕ್ಕೆ 14 ಮೀರಬಾರದು. ಕಸಕಡ್ಡಿ ನೂರಕ್ಕೆ 1ರ ಒಳಗೆ, ಅದರಲ್ಲೂ ಮಣ್ಣು-ಹರಳು 0.25 ಮೀರಬಾರದು. "ಹೆಂಗೂ ಮಿಲ್‌ನಲ್ಲಿ ಕ್ಲೀನ್ ಮಾಡ್ತೀವಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ, ಇದ್ದ ಮಾಲಿಗೇ ಲೆಕ್ಕ. ಯೂರಿಕ್ ಆಸಿಡ್ ಕಿಲೋಗೆ 100 ಮಿಲಿಗ್ರಾಂ ಒಳಗಿರಬೇಕು. ಇದನ್ನು ಯಜಮಾನರಿಗೆ ಬಿಡಿಸಿ ಹೇಳಿ: ಹುಳು ಬಿಟ್ಟುಹೋದ ಹೊಲಸು ಅದು. ಹಳೇ ಮಾಲನ್ನು ಜರಡಿ ಹಿಡಿದು, ಹೊಗೆ ಹಾಕಿ, ಹೊಸ ಚೀಲಕ್ಕೆ ತುಂಬಿದರೆ ಕಣ್ಣಿಗೆ ಒಂದು ಹುಳುವೂ ಕಾಣದು, ಲ್ಯಾಬ್‌ನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಕೀಟನಾಶಕದ ಶೇಷವನ್ನೂ ನೋಡುತ್ತಾರೆ. 2018ರಲ್ಲಿ ಕೆನಡಾ, ಆಸ್ಟ್ರೇಲಿಯಾದ ಬೇಳೆಕಾಳುಗಳಲ್ಲಿ ಗ್ಲೈಫೋಸೇಟ್ ಎಂಬ ಕಳೆನಾಶಕದ ಮಾತು ಎದ್ದಿತ್ತು. ಅಲ್ಲಿ ಕಟಾವಿಗೆ ಮುಂಚೆ ಗಿಡ ಒಣಗಿಸಲು ಅದನ್ನು ಸಿಂಪಡಿಸುವ ರೂಢಿ ಇದೆ. ಮೊಜಾಂಬಿಕ್‌ನದು ಬಹುಪಾಲು ಸಣ್ಣ ರೈತರ ಬೆಳೆ. ಅಲ್ಲಿಯ ತೊಂದರೆ ಬೇರೆ: ಹತ್ತು ಊರಿನ ಕಾಳು ಒಂದೇ ಗುಡ್ಡೆಗೆ ಬಿದ್ದಿರುತ್ತದೆ, ಹಸಿ, ಒಣ, ಹೊಸತು, ಹಳತು ಎಲ್ಲ ಕೂಡಿ.

ಹಾಗಾಗಿ ಕರಾರಿನಲ್ಲಿ ಬರೆಸಿ: ಲೋಡ್ ಆಗುವಾಗ ನೀವು ಗೊತ್ತು ಮಾಡಿದ ಸರ್ವೇಯರ್ ನಿಂತು ಸ್ಯಾಂಪಲ್ ತೆಗೆದು, ಕಂಟೇನರ್ ಸೀಲ್ ಮಾಡಿಸಬೇಕು, ರಿಪೋರ್ಟ್ ನಮ್ಮ ಮಿತಿಗಳ ಒಳಗೆ ಬಂದರೆ ಮಾತ್ರ ಹಣ. ಬ್ಯಾಂಕಿನಲ್ಲಿ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ತೆಗೆದರೆ ಆ ರಿಪೋರ್ಟ್, ಫೈಟೊ, ಹೊಗೆ ಹಾಕಿದ ಸರ್ಟಿಫಿಕೇಟ್ ಮೂರೂ ಬೇಕಾದ ದಾಖಲೆಗಳ ಪಟ್ಟಿಯಲ್ಲಿ ಇರಲಿ. ತೇವಾಂಶ 14ಕ್ಕೆ ತಂದು ನಿಲ್ಲಿಸಬೇಡಿ, 12 ಎಂದು ಬರೆಸಿ. ಸಮುದ್ರದ ಮೇಲೆ ಹಗಲು ಕಾದು ರಾತ್ರಿ ತಣಿಯುವ ಕಂಟೇನರ್‌ನ ಚಾವಣಿ ಬೆವರುತ್ತದೆ, ಆ ನೀರು ಮೇಲಿನ ಸಾಲಿನ ಚೀಲಗಳ ಮೇಲೆ ತೊಟ್ಟಿಕ್ಕಿ ಬೂಸ್ಟು ಹಿಡಿಯುತ್ತದೆ. ಒಳಗೆ ಕ್ರಾಫ್ಟ್ ಪೇಪರ್ ಹೊದಿಸಿ, ತೇವ ಹೀರುವ ಚೀಲ ತೂಗುಹಾಕಲು ಹೇಳಿ. ಈ ಖರ್ಚಿಗೆ ಕೈ ಹಿಡಿಯಬೇಡಿ.

ನನ್ನನ್ನು ಕೇಳಿದರೆ ಈ ವರ್ಷ ನೇರ ಆಮದೇ ಬೇಡ. ಮುಂಬೈಯಲ್ಲಿ ಕಸ್ಟಮ್ಸ್ ದಾಟಿದ, ಲ್ಯಾಬ್ ರಿಪೋರ್ಟ್ ಇರುವ ಗಜ್ರಿಯೋ ಅರುಷಾವೋ, ಆಫ್ರಿಕಾದ ಯಾವುದಾದರೂ ತೊಗರಿ ಒಂದು ಲೋಡ್ ಕೊಂಡು ಮಿಲ್‌ಗೆ ಹಾಕಿ ನೋಡಿ. ಬೇಳೆ ಎಷ್ಟು ಇಳಿಯುತ್ತದೆ, ಚುನ್ನಿ ಎಷ್ಟು ಹೋಗುತ್ತದೆ ಗೊತ್ತಾಗಲಿ. ಎರಡು ಕಂಟೇನರ್ ಎಂದರೆ ಹತ್ತಿರ ಹತ್ತಿರ 50 ಟನ್, ಕಲಿಯುವುದಕ್ಕೆ ದುಬಾರಿ ಪಾಠ. ಇನ್ನೊಂದು, ಆಫ್ರಿಕಾದ ತೊಗರಿ ಕಟಾವಾಗುವುದು ಜುಲೈನಿಂದ ಸೆಪ್ಟೆಂಬರ್ ಹೊತ್ತಿಗೆ. ಹಡಗು ತಡವಾಗಿ ಡಿಸೆಂಬರ್‌ಗೆ ಬಂದರೆ ನಮ್ಮದೇ ಹೊಸ ಬೆಳೆ ಗಂಜ್‌ಗೆ ಬರುತ್ತಿರುತ್ತದೆ, ರೇಟು ಬಿದ್ದಿರುತ್ತದೆ. ತಡವಾಗುವುದು ಹೊಸತೇನಲ್ಲ, 2023ರ ಕೊನೆಗೆ ಮೊಜಾಂಬಿಕ್‌ನ ಜಗಳಗಳಿಂದ ನಕಾಲಾದಲ್ಲೇ ತೊಗರಿ ಸಿಕ್ಕಿಬಿದ್ದಿತ್ತು. ಇಟ್ಟುಕೊಂಡು ಕಾಯೋಣವೆಂದರೆ ಸರ್ಕಾರದ ದಾಸ್ತಾನು ಮಿತಿ ಯಾವಾಗ ಬಂದೀತೋ. 2024ರ ಜೂನ್ ಆದೇಶದಲ್ಲಿ ಕಸ್ಟಮ್ಸ್ ಬಿಟ್ಟ 45 ದಿನದ ಮೇಲೆ ಆಮದುದಾರ ಮಾಲು ಇಟ್ಟುಕೊಳ್ಳುವಂತಿರಲಿಲ್ಲ. 2021ರ ಮೇ ತಿಂಗಳಿಂದ ತೊಗರಿ ಆಮದಿಗೆ ಮುಕ್ತ ಅವಕಾಶವಿದ್ದರೂ ಅದು ಆಗಾಗ ಮುಂದುವರಿಸಿದ ಅವಕಾಶ, ಆರ್ಡರ್ ಹಾಕುವ ದಿನ ಅಧಿಸೂಚನೆ ನೋಡಿಯೇ ಹಾಕಿ.

ಮಾವನವರ ಸಿಟ್ಟು ಬರೀ ದುಡ್ಡಿನದ್ದು ಎಂದು ನನಗೆ ಅನ್ನಿಸುವುದಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಹೊರಗಿನ ಕಾಳಿನ ಬೇಳೆಯನ್ನು ಆ ಹೆಸರಿನ ಚೀಲಕ್ಕೆ ತುಂಬಿದರೆ ಕಾನೂನೂ ಬಿಡುವುದಿಲ್ಲ, ಅವರೂ ಬಿಡುವುದಿಲ್ಲ. ಗೋದಾಮು ಬೇರೆ, ಚೀಲ ಬೇರೆ, ಲೆಕ್ಕದ ಪುಸ್ತಕ ಬೇರೆ ಎಂದು ಮೊದಲು ಅವರಿಗೆ ಹೇಳಿ, ಮಗನ ಬಾಯಿಂದಲೇ ಹೇಳಿಸಿ. ಇನ್ನು ದಲ್ಲಾಳಿಗೆ ಒಂದೇ ಪ್ರಶ್ನೆ ಕೇಳಿ: ನೀವು ಮಾಲು ತರಿಸುವ ರಫ್ತುದಾರರು ಕಳೆದ ಹಂಗಾಮಿನಲ್ಲಿ ಕಳಿಸಿದ ಮಾಲಿನ ಫೈಟೊ ಮತ್ತು ಇಲ್ಲಿಯ ಲ್ಯಾಬ್ ರಿಪೋರ್ಟಿನ ಪ್ರತಿ ಕೊಡುತ್ತೀರಾ ಎಂದು. ಕೊಟ್ಟರೆ ಬ್ರೋಕರ್‌ಗೆ ತೋರಿಸಿ. ನಾಳೆ, ನಾಡಿದ್ದು ಎಂದರೆ ಅರ್ಧ ದುಡ್ಡಿನ ಮಾತು ಅಲ್ಲಿಗೇ ಬಿಡಿ.