ಕೂಗುವ ತಪ್ಪು, ಕೂಗದ ತಪ್ಪು

ಅಪಾರ್ಟ್‌ಮೆಂಟ್ ಸಂಘದ ಖಜಾಂಚಿಯಾದ ಮೇಲೆ ಅಕ್ಕಪಕ್ಕದವರ ಮನೆ ಲೆಕ್ಕವೂ ನನ್ನ ಕಡೆ ಬರತೊಡಗಿತು. ‘ಸರ್, ಈ ಎಕ್ಸೆಲ್ ಶೀಟ್ ಸ್ವಲ್ಪ ನೋಡ್ತೀರಾ?’ ಎಂದು ಕಳಿಸುವವರಲ್ಲಿ ಹೆಚ್ಚಿನವರಿಗೆ ಸೆಲ್‌ನಲ್ಲಿ ಹ್ಯಾಷ್ (#) ಗುರುತಿನೊಂದಿಗೆ ಕಾಣುವ ದೋಷದ್ದೇ ಚಿಂತೆ. ಅದನ್ನು ಸರಿಪಡಿಸುವುದು ಸುಲಭದ ಕೆಲಸ. ಸೊನ್ನೆಯಿಂದ ಭಾಗಿಸಿದರೆ ‘ಡಿವ್’, ಫಾರ್ಮುಲಾಗೆ ಬೇಕಿದ್ದ ಸಾಲನ್ನೇ ಅಳಿಸಿದ್ದರೆ ‘ರೆಫ್’, ಫಾರ್ಮುಲಾದ ಹೆಸರು ತಪ್ಪಿದ್ದರೆ ‘ನೇಮ್’ ಎಂದು ಎಕ್ಸೆಲ್ ತಾನೇ ಕೂಗಿ ಹೇಳುತ್ತದೆ. ಜೇಬಿಗೆ ಕತ್ತರಿ ಹಾಕುವುದು ಕೂಗದ ತಪ್ಪು.

ಪರಿಚಿತರೊಬ್ಬರು ಗೃಹಸಾಲದ ಪಟ್ಟಿ ಮಾಡಿಕೊಂಡಿದ್ದರು. ಸಾಲ 30 ಲಕ್ಷ ರೂಪಾಯಿ, ಬಡ್ಡಿ ಶೇ 8.5, ಅವಧಿ 20 ವರ್ಷ, ತಿಂಗಳ ಕಂತು 26,035. ಅವರ ಶೀಟಿನಲ್ಲಿ ಸಾಲ ಹತ್ತು ವರ್ಷದೊಳಗೇ ತೀರಿಹೋಗಿತ್ತು! ಬಡ್ಡಿದರ ಮೇಲಿನ ಒಂದೇ ಸೆಲ್‌ನಲ್ಲಿತ್ತು. ಫಾರ್ಮುಲಾವನ್ನು ಕೆಳಗೆ ಎಳೆದಾಗ ಆ ವಿಳಾಸವೂ ಒಂದೊಂದೇ ಸೆಲ್ ಕೆಳಗೆ ಜಾರಿತ್ತು. ಅಲ್ಲೆಲ್ಲ ಖಾಲಿ. ಹಾಗಾಗಿ ಎರಡನೇ ತಿಂಗಳಿಂದ ಬಡ್ಡಿ ಸೊನ್ನೆ, ಇಡೀ ಕಂತು ಅಸಲಿಗೆ ಜಮಾ. ಎಲ್ಲೂ ಒಂದು ಎಚ್ಚರಿಕೆಯಿಲ್ಲ. ವಿಳಾಸದ ಮೇಲೆ ಕರ್ಸರ್ ಇಟ್ಟು ಎಫ್4 ಒತ್ತಿದರೆ ಡಾಲರ್ ಗುರುತು ಬಂದು ಸೆಲ್ ಕದಲದೆ ನಿಲ್ಲುತ್ತದೆ. ಸಾಲದ ಪಟ್ಟಿಗೆ ನಾನು ಎರಡು ಕಡೆ ತಾಳೆ ನೋಡುತ್ತೇನೆ: ಮೊದಲ ತಿಂಗಳ ಬಡ್ಡಿ ಕೈಲೆಕ್ಕಕ್ಕೆ ಸರಿಹೋಗಬೇಕು (ಇಲ್ಲಿ 21,250), 240ನೇ ಕಂತಿನ ಕೊನೆಗೆ ಬಾಕಿ ಸೊನ್ನೆಗೆ ಇಳಿಯಬೇಕು.

ಇನ್ನೊಂದು ಕಾಟ, ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಕಾಪಿ ಮಾಡಿದ ಅಂಕಿಗಳದ್ದು. ನೋಡಲು ಸಂಖ್ಯೆ, ಎಕ್ಸೆಲ್ ಪಾಲಿಗೆ ಬರೀ ಅಕ್ಷರ. ಸಮ್ ಫಾರ್ಮುಲಾ ಅವನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ. ಅಂಕಿ ಸೆಲ್‌ನ ಎಡಕ್ಕೆ ಅಂಟಿಕೊಂಡಿದ್ದರೆ ಅನುಮಾನಪಡಿ. ಕೌಂಟ್ ಬರೀ ಸಂಖ್ಯೆಗಳನ್ನು ಎಣಿಸುತ್ತದೆ, ಕೌಂಟ್‌ಎ ತುಂಬಿದ ಸೆಲ್‌ಗಳನ್ನೆಲ್ಲ ಎಣಿಸುತ್ತದೆ. ಮೊತ್ತದ ಸಾಲುಗಳ ಮೇಲೆ ಎರಡನ್ನೂ ಹಾಕಿ. ಉತ್ತರ ಬೇರೆಯಾದರೆ ಕಳ್ಳ ಸಿಕ್ಕಿಬಿದ್ದ.

ಹೊಸ ಸಾಲುಗಳು ಮೊತ್ತದ ವ್ಯಾಪ್ತಿಯಿಂದ ಹೊರಗುಳಿಯುವುದೂ ಮಾಮೂಲು. ದೊಡ್ಡವರನ್ನೂ ಇದು ಬಿಟ್ಟಿಲ್ಲ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಸರ್ಕಾರಿ ಸಾಲದ ಬಗ್ಗೆ 2010ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸರಾಸರಿಯ ಫಾರ್ಮುಲಾ 20 ದೇಶಗಳಲ್ಲಿ ಐದನ್ನು ಬಿಟ್ಟಿತ್ತು. ಅದನ್ನು 2013ರಲ್ಲಿ ಬಯಲಿಗೆ ತಂದವರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಮುಖ್ಯ. ಆಕರ ಶೀಟನ್ನೇ ಕೇಳಿ ಪಡೆದು ನೋಡಿದ್ದರಿಂದ ಅದು ಕಣ್ಣಿಗೆ ಬಿತ್ತು. ಲೆಕ್ಕದ ಉಳಿದ ಲೋಪಗಳನ್ನೂ ಸರಿಪಡಿಸಿದಾಗ, ಹೆಚ್ಚು ಸಾಲವಿದ್ದ ದೇಶಗಳ ಸರಾಸರಿ ಬೆಳವಣಿಗೆ ಶೇ ಮೈನಸ್ 0.1ರಿಂದ ಶೇ 2.2ಕ್ಕೆ ಏರಿತು.

ನನ್ನ ಕ್ರಮ ಸರಳ. ಮೊದಲು ಫಾರ್ಮುಲಾಸ್ ಮೆನುವಿನಲ್ಲಿ ‘ಶೋ ಫಾರ್ಮುಲಾಸ್’ ಒತ್ತುತ್ತೇನೆ. ಫಾರ್ಮುಲಾಗಳ ಸಾಲಿನ ನಡುವೆ ಯಾರೋ ಕೈಯಾರೆ ಟೈಪ್ ಮಾಡಿದ ಅಂಕಿ ಆಗ ಎದ್ದು ಕಾಣುತ್ತದೆ. ಅನುಮಾನದ ಸೆಲ್‌ನಲ್ಲಿ ಎಫ್2 ಒತ್ತಿದರೆ ಅದು ಯಾವ್ಯಾವ ಸೆಲ್‌ಗಳನ್ನು ನೆಚ್ಚಿದೆ ಎಂಬುದು ಬಣ್ಣದ ಚೌಕಗಳಲ್ಲಿ ತೋರುತ್ತದೆ. ಕೊನೆಗೆ ಹಳೆಯ ಗುಮಾಸ್ತರ ಪದ್ಧತಿ: ಅಡ್ಡಕ್ಕೂ ಕೂಡು, ಉದ್ದಕ್ಕೂ ಕೂಡು. ಎರಡು ಮೊತ್ತಗಳ ವ್ಯತ್ಯಾಸ ತೋರಿಸುವ ಸೆಲ್ ಒಂದು ಪ್ರತಿ ಶೀಟಿನಲ್ಲೂ ಇರಲಿ; ಅದು ಸದಾ ಸೊನ್ನೆಯಾಗಿರಬೇಕು.

ಹ್ಯಾಷ್ ಗುರುತು ಅಸಹ್ಯವೆಂದು ಇಫ್‌ಎರರ್ ಹಾಕಿ ಎಲ್ಲೆಡೆ ಸೊನ್ನೆ ತೋರಿಸುವವರಿದ್ದಾರೆ. ಕಾರಣ ಗೊತ್ತಾಗುವ ಮುಂಚೆ ಹಾಗೆ ಮಾಡಬೇಡಿ. ಕೂಗುವ ತಪ್ಪಿನ ಬಾಯಿ ಮುಚ್ಚಿಸಿದಂತಾಗುತ್ತದೆ. ಸಾಲಕ್ಕೆ ಸಹಿ ಹಾಕುವ ಮುನ್ನ, ಠೇವಣಿ ಮುರಿಯುವ ಮುನ್ನ, ಶೀಟಿನ ಉತ್ತರವನ್ನು ಇನ್ನೊಂದು ದಾರಿಯಲ್ಲಿ ಒಮ್ಮೆ ತಾಳೆ ನೋಡಿ. ತಾಳೆಯಾಗದಿದ್ದರೆ ಪೆನ್ನು ಕೆಳಗಿಡಿ.