25 ತುಂಬಿದ ಮೇಲೆ ವಿಮೆ ಯಾರದು?

ಕೇರಳದ ಬತ್ತೇರಿಯ ಸೋದರಿಗೆ,

ಅಪ್ಪನ ಕಂಪನಿಯ ವಿಮೆಯಿಂದ ನಿಮ್ಮ ಹೆಸರು ಬಿಟ್ಟುಹೋದದ್ದು ಅಚ್ಚರಿಯಲ್ಲ. ಇಂಥ ಎಷ್ಟೋ ಗುಂಪು ವಿಮೆಗಳು ಮಕ್ಕಳನ್ನು 25ರವರೆಗೆ ಮಾತ್ರ ಸೇರಿಸಿಕೊಳ್ಳುತ್ತವೆ. ಕೆಲಸ ಇನ್ನೂ ನೆಲೆಯಾಗದ ವಯಸ್ಸಿನಲ್ಲೇ ಆಸರೆ ತಪ್ಪುವುದು ಅನ್ಯಾಯವೆಂದೇ ನನ್ನ ಭಾವನೆ.

ಮೊದಲು, ಮನೆಯಲ್ಲಿ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡ್ ಇದೆಯೇ ಎಂದು ಅಮ್ಮನನ್ನು ಕೇಳಿ. 2019ರಲ್ಲಿ ಕೇರಳ ಹಳೆಯ ಯೋಜನೆಗಳನ್ನು ಒಂದುಗೂಡಿಸಿ ರೂಪಿಸಿದ ಈ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆ ಚಿಕಿತ್ಸೆ ಉಂಟು. ವಯಸ್ಸಿನ ಮಿತಿಯಿಲ್ಲ, ಕುಟುಂಬದ ಸದಸ್ಯರ ಸಂಖ್ಯೆಗೂ ಮಿತಿಯಿಲ್ಲ. ನಿಮ್ಮ ಆಸ್ತಮಾದಂತೆ ಮೊದಲೇ ಇದ್ದ ಕಾಯಿಲೆಗೂ ಕಾಯಬೇಕಿಲ್ಲ. ಯುವಜನರಿಗೆ ಬೇಕಾದ ಸುಧಾರಣೆ ಇದೇ. ಆದರೆ ಪಟ್ಟಿಯಲ್ಲಿರುವ ಕುಟುಂಬಗಳಿಗಷ್ಟೇ ಸಿಗುವುದು ಅದರ ದೊಡ್ಡ ಕೊರತೆ. ಸರ್ಕಾರ ಇದನ್ನು ತುಂಬಲೇಬೇಕು.

ಕಾರ್ಡ್ ಇಲ್ಲದಿದ್ದರೆ ಮೈಸೂರಿನ ನಿಮ್ಮ ಹೊಸ ಕೆಲಸದ ಕಡೆ ನೋಡಿ. ನೌಕರರ ರಾಜ್ಯ ವಿಮೆ (ಇಎಸ್‌ಐ) ಅನ್ವಯಿಸುವ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿಯವರೆಗಿನ ಸಂಬಳದವರಿಗೆ ಅದು ಹಕ್ಕು; ನಿಮ್ಮ ಪಾಲು ಸಂಬಳದ ಶೇ 0.75 ಮಾತ್ರ.

ಎರಡೂ ಸಿಗದಿದ್ದರೆ ಖಾಸಗಿ ಪಾಲಿಸಿ ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಅರ್ಜಿಯಲ್ಲಿ ಆಸ್ತಮಾವನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರವಾಗಬಹುದು. ಅಂಥ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಹಾಗಾಗಿ ಈ ತಿಂಗಳೇ ಶುರುಮಾಡಿ.